ಸಣ್ಣ ಹುಡುಗೂರಿಗೆ ಸಾಕರ್ ಕ್ಲಬ್ಬು: ಎರಡು ದಾರಿ ಹೆಂಗ ಹುಟ್ಟಿದ್ವು

ಇಲ್ಲೆ ಕ್ಯಾಲಿಫೋರ್ನಿಯಾದಾಗ ಏಪ್ರಿಲ್ ತಿಂಗಳ ಬಂತಂದ್ರ ಸಣ್ಣ ಹುಡುಗೂರು ಇರೋ ಎಲ್ಲಾ ಮನ್ಯಾಗೂ ಒಂದ ಮಾತು. ಈ ವರ್ಷ ಯಾವ ಸಾಕರ್ ಕ್ಲಬ್ಬಿಗೆ ಹಾಕೋದು? ಧಾರವಾಡದಾಗಿರೋ ನಮ್ಮ ಮೌಶಿಗೆ, ವೈನಿಗೆ ಇದು ವಿಚಿತ್ರ ಅನಸ್ತದ. ಚೆಂಡು ಒದಿಲಿಕ್ಕೆ ಕ್ಲಬ್ ಯಾಕ ಬೇಕು, ಹಿತ್ತಲದಾಗ ಬಿಟ್ರ ಆತಲ್ಲ ಅಂತಾರ. ಇಲ್ಲಿ ಬಾಜೂ ಮನಿಯವರು ಮಾತ್ರ, ಏಳು ವರ್ಷಕ್ಕ ಛೊಲೊ ಕ್ಲಬ್ ಹಿಡಿಲಿಲ್ಲಂದ್ರ ಮುಂದ ಸಿಗೋದ ಇಲ್ಲ ಅಂತ ಹೆದರಸ್ತಾರ. ಇಬ್ಬರಿಗೂ ಉತ್ತರ ಬೇಕಂದ್ರ ಈ ಕ್ಲಬ್ಬುಗೋಳು ಎಲ್ಲಿಂದ ಬಂದ್ವು ಅಂತ ನೋಡಬೇಕು. ಅದನ್ನ ಇವತ್ತ ಬರೀತೇನಿ.

ಮೊದಲ ಹೆಸರಿನ ಮಾತು. ಸಾಕರ್ ಅಂದ್ರ ನಮ್ಮ ಫುಟ್‌ಬಾಲೇ. ಈ ಹೆಸರು ಅಮೇರಿಕಾದವರದು ಅಂತ ಭಾಳ ಮಂದಿ ತಿಳಕೊಂಡಾರ, ಖರೆ ಅಂದ್ರ ಇಂಗ್ಲಂಡಿನವರದು. 1863ರಾಗ ಲಂಡನ್ನಿನ್ಯಾಗ ಫುಟ್‌ಬಾಲ್ ಅಸೋಸಿಯೇಷನ್ ಅಂತ ಸಂಘಾ ಕಟ್ಟಿ ಆಟದ ನಿಯಮ ಬರದ್ರು. ಕೈಯಾಗ ಚೆಂಡು ಹಿಡದು ಓಡೋ ರಗ್ಬಿ ಬ್ಯಾರೆ, ಈ ಅಸೋಸಿಯೇಷನ್ ಆಟಾ ಬ್ಯಾರೆ ಆತು. ಅಸೋಸಿಯೇಷನ್ ಅನ್ನೋದನ್ನ ಇಂಗ್ಲಿಷಿನ್ಯಾಗ ಬರದ್ರ ನಡುವ ಎಸ್, ಓ, ಸಿ ಅಂತ ಮೂರ ಅಕ್ಷರ ಬರ್ತಾವ. ಅವನ್ನ ಹಿಡದು ಅಲ್ಲಿಯ ಕಾಲೇಜ್ ಹುಡುಗೂರು ಚಾಷ್ಟಿಗೆ ಸಾಕರ್ ಅಂದ್ರು. ಅಮೇರಿಕಾದವರಿಗೆ ತಮ್ಮದ ಒಂದ ಫುಟ್‌ಬಾಲ್ ಇತ್ತು, ಅದಕ್ಕ ಇದಕ್ಕ ಆ ಅಡ್ಡಹೆಸರ ಗಟ್ಟಿ ಆತು.

ಇಲ್ಲೆ ಈ ಆಟಾ ತಂದವರು ವಲಸಿ ಬಂದ ಕೂಲಿ ಮಂದಿ. ಮ್ಯಾಸಚೂಸೆಟ್ಸಿನ ಫಾಲ್ ರಿವರ್, ನ್ಯೂಜೆರ್ಸಿಯ ಕಾರ್ನಿ, ಹಿಂತಾ ಗಿರಣಿ ಊರಾಗ ಸ್ಕಾಟ್ಲಂಡಿನವರು, ಐರಿಷರು, ಪೋರ್ಚುಗೀಸರು ಐತವಾರ ಸೂಟಿ ದಿನ ಆಡತಿದ್ರು. ಸೇಂಟ್ ಲೂಯಿಸಿನ್ಯಾಗ ಚರ್ಚಿನ ಹುಡುಗೂರು ಆಡತಿದ್ರು. ಜರ್ಮನ್ನರು, ಇಟಾಲಿಯನ್ನರು ತಮ್ಮ ತಮ್ಮ ಕ್ಲಬ್ ಕಟ್ಟಿಕೊಂಡಿದ್ರು. ಆವಾಗ ಯಾವ ತಾಯಿನೂ ಕ್ಲಬ್ ಆರಸ್ತಿರಲಿಲ್ಲ. ಅಪ್ಪ ಯಾವ ಗಿರಣ್ಯಾಗ ಕೆಲಸ ಮಾಡತಾನ, ಮನ್ಯಾಗ ಯಾವ ಭಾಷಾ ಆಡತಾರ, ಅದರ ಮ್ಯಾಲೆ ಹುಡುಗನ ಕ್ಲಬ್ಬು. ಹುಡುಗಿಗೆ ಅಂತೂ ಆ ಮಾತ ಇಲ್ಲ.

ಮುಂದ 1964. ಲಾಸ್ ಏಂಜಲಿಸ್ ಹತ್ರ ಟಾರೆನ್ಸ್ ಅಂತ ಒಂದ ಊರು. ಅಲ್ಲೆ ಒಂಬತ್ತ ತಂಡ ಕಟ್ಟಿ ಅಮೆರಿಕನ್ ಯೂತ್ ಸಾಕರ್ ಆರ್ಗನೈಜೇಷನ್ ಶುರು ಆತು. ಈಗ ಎಲ್ಲಾರೂ ಎ-ವೈ-ಎಸ್-ಓ ಅಂತಾರ. ಅವರ ನಿಯಮ ಕೇಳಿದ್ರ ನಮ್ಮ ಅಜ್ಜಿನ ಬರದಾಳೇನೋ ಅನಸ್ತದ. ಯಾರು ಬಂದ್ರೂ ಸೇರಿಸಿಕೊಳ್ಳಬೇಕು. ಬಂದ ಪ್ರತಿ ಹುಡುಗ ಕಡಿಮಿ ಅಂದ್ರೂ ಅರ್ಧಾ ಆಟಾ ಆಡಲಿಕ್ಕೇ ಬೇಕು. ಛೊಲೊ ಆಡೋರೆಲ್ಲಾ ಒಂದ ತಂಡಕ್ಕ ಹೋಗಬಾರದು, ತಂಡಗೋಳು ಸರಿಸಮ ಇರಬೇಕು, ಅದಕ್ಕ ಪ್ರತಿ ವರ್ಷ ಹೊಸದಾಗಿ ಹಂಚಬೇಕು. ಕಲಿಸೋರು ಯಾರು? ಆ ಹುಡುಗೂರ ಅಪ್ಪ-ಅವ್ವನ, ಪಗಾರ ಇಲ್ಲದ. ಪಂಕ್ತಿಯೊಳಗ ಊಟಕ್ಕ ಕೂತಾಗ ಬಡಿಸೋರು ಹೆಂಗ ಯಾರ ಎಲಿನೂ ಬಿಡೂದಿಲ್ಲೋ, ಹಂಗ. 1971ರಾಗ ಹುಡುಗ್ಯಾರನ್ನೂ ಸೇರಿಸಿಕೊಂಡ್ರು.

ಹುಡುಗ್ಯಾರ ವಿಷಯಕ್ಕ ದೊಡ್ಡ ಬದಲಾವಣಿ ಬಂದದ್ದು ಮರುವರ್ಷ. 1972ರ ಜೂನ್ 23ಕ್ಕ ಟೈಟಲ್ ನೈನ್ ಅನ್ನೋ ಕಾಯ್ದೆ ಆತು. ಸರಕಾರದ ರೊಕ್ಕ ತಗೊಳ್ಳೋ ಯಾವ ಸಾಲಿ-ಕಾಲೇಜೂ ಗಂಡು-ಹೆಣ್ಣು ಅಂತ ಭೇದ ಮಾಡಬಾರದು ಅಂತ ಅದರ ತಿರುಳು. ಅದರೊಳಗ ಆಟಾ ಅನ್ನೋ ಶಬ್ದ ಎದ್ದು ಕಾಣೂದಿಲ್ಲ, ಆದ್ರ ಆಟದ ಮೈದಾನಕ್ಕೂ ಅದು ಅನ್ವಯಿಸ್ತು. ಆಗ ಇಡೀ ದೇಶದ ಹೈಸ್ಕೂಲಿನೊಳಗ ಸಾಕರ್ ಆಡೋ ಹುಡುಗ್ಯಾರು ಸುಮಾರು 700 ಮಂದಿ. ಈಗ ಮೂರೂವರಿ ಲಕ್ಷಕ್ಕೂ ಜಾಸ್ತಿ. ನಮ್ಮವ್ವ, ಮೌಶಿ ಸಾಲ್ಯಾಗ ಖೋಖೋ ಆಡಿ, ದೊಡ್ಡವರಾದ ಕೂಡಲೇ ಮನ್ಯಾಗ ಕೂತವರು. ಅದಕ್ಕ ಈ ಸಂಖ್ಯಾ ನನಗ ಬರೇ ಸಂಖ್ಯಾ ಅಲ್ಲ.

ಅದ ಹೊತ್ತಿಗೆ ಇನ್ನೂ ಎರಡು ಆತು. 1974ರಾಗ ಸಣ್ಣವರ ಆಟಕ್ಕಂತ ಇಡೀ ದೇಶಕ್ಕ ಒಂದ ಸಂಘಾ ಬಂತು, ಅದ ಈಗಿನ ಯುಎಸ್ ಯೂತ್ ಸಾಕರ್. 1975ರಾಗ ಪೆಲೆ ನ್ಯೂಯಾರ್ಕ್ ಕಾಸ್ಮಾಸ್ ತಂಡಕ್ಕ ಬಂದ. ಅದ ಕಾಸ್ಮಾಸ್ ತಂಡದ ಜೋಡಿ ಅಂವ 1977ರ ಸಪ್ಟೆಂಬರಿನ್ಯಾಗ ಕಲ್ಕತ್ತಾಕ್ಕೂ ಹೋಗಿ ಮೋಹನ್ ಬಾಗಾನ್ ವಿರುದ್ಧ ಆಡಿದ್ದ, ನಮ್ಮ ಕಾಕಾಗ ಇನ್ನೂ ನೆನಪದ. ಪೆಲೆನ್ನ ನೋಡಿದ ಅಮೇರಿಕಾದ ಮಂದಿ ತಮ್ಮ ಮಕ್ಕಳನ್ನ ಮೈದಾನಕ್ಕ ಕಳಿಸಿದ್ರು. ದೊಡ್ಡವರ ಆ ಲೀಗು 1984ಕ್ಕ ಮುಳಗಿತು. ಸಣ್ಣವರ ಆಟಾ ಉಳೀತು, ಬೆಳೀತು.

ಬೆಳದ ಮ್ಯಾಲೆ ಎರಡನೇ ದಾರಿ ಹುಟ್ಟತು. ಎಲ್ಲಾರೂ ಆಡ್ಬೇಕು ಅಂದ್ರ ಭಾಳ ಛೊಲೊ ಆಡೋ ಹುಡುಗಗ ಬ್ಯಾಸರ ಬರ್ತದ, ಇದು ಸುಳ್ಳಲ್ಲ. ಹಂತಾ ಹನ್ನೆರಡು, ಹದಿನಾಲ್ಕು ವರ್ಷದವರನ್ನ ಪರೀಕ್ಷಾ ಮಾಡಿ ಆರಿಸಿ, ಪಗಾರದ ಕೋಚ್ ಇಟ್ಟು, ಬ್ಯಾರೆ ಊರಿಗೆ ಕರಕೊಂಡು ಹೋಗಿ ಆಡಸೋ ಕ್ಲಬ್ ಬಂದ್ವು. ಊರೂರು ತಿರುಗತಾವ ಅಂತ ಅವಕ್ಕ ಟ್ರಾವೆಲ್ ಕ್ಲಬ್ ಅಂತ ಹೆಸರು. ಆ ಪರೀಕ್ಷಾಕ್ಕ ಟ್ರೈಔಟ್ ಅಂತಾರ. ಕಾಲೇಜಿನವರು ಆಟಗಾರ್ತಿಯರಿಗೆ ಸ್ಕಾಲರ್‌ಶಿಪ್ ಕೊಡಲಿಕ್ಕೆ ಹತ್ತಿದ ಮ್ಯಾಲೆ ಹುಡುಗ್ಯಾರಿಗೂ ಈ ದಾರಿ ದೊಡ್ಡದಾತು.

ಇಲ್ಲೆ ರೊಕ್ಕದ ಗುಟ್ಟು ಒಂದದ, ಇದನ್ನ ತಿಳಕೊಂಡ್ರ ಉಳಿದದ್ದೆಲ್ಲಾ ತಿಳೀತದ. ಯುರೋಪಿನ್ಯಾಗ ಒಬ್ಬ ಹುಡುಗ ದೊಡ್ಡ ಆಟಗಾರ ಆದ್ರ, ಸಣ್ಣಂವಿದ್ದಾಗ ಕಲಿಸಿದ ಕ್ಲಬ್ಬಿಗೆ ಅಂವನ್ನ ತಗೊಂಡವರು ರೊಕ್ಕ ಕೊಡಬೇಕಾಗ್ತದ. ಜಾಗತಿಕ ಸಂಸ್ಥೆ ಫೀಫಾದ ನಿಯಮನ ಹಂಗದ. ಅದಕ್ಕ ಅಲ್ಲಿ ಬಡವರ ಹುಡುಗನ್ನೂ ಹುಡಕಿ ಕಲಿಸೋದರಾಗ ಕ್ಲಬ್ಬಿಗೆ ಲಾಭ ಅದ. ಅಮೇರಿಕಾದಾಗ ಆ ಪದ್ಧತಿ ವರ್ಷಾನುಗಟ್ಟಲೆ ನಡೀಲೇ ಇಲ್ಲ. ಹಿಂಗಾಗಿ ಇಲ್ಲಿಯ ಕ್ಲಬ್ಬಿನ ಹೊಟ್ಟಿ ತುಂಬೋದು ಅಪ್ಪ-ಅವ್ವ ಕೊಡೋ ಫೀಸಿನಿಂದ. ಓಣಿ ಲೀಗಿಗೆ ಒಂದ ಸೀಜನ್ನಿಗೆ ನೂರಾರು ಡಾಲರ್ ಆದ್ರ, ಟ್ರಾವೆಲ್ ಕ್ಲಬ್ಬಿಗೆ ವರ್ಷಕ್ಕ ಸಾವಿರಾರು ಡಾಲರ್. ಮ್ಯಾಲೆ ಹೋಟೆಲ್ಲು, ಪೆಟ್ರೋಲು, ಮೂರ ಥರದ ಜರ್ಸಿ ಬ್ಯಾರೆ. ಫೀಸು ಕೊಡೋರು ಎಷ್ಟು ಲಗು ಸೇರಿದ್ರ ಕ್ಲಬ್ಬಿಗೆ ಅಷ್ಟು ಛೊಲೊ. ಹದಿಮೂರಕ್ಕ ಇದ್ದ ಟ್ರೈಔಟ್ ಹತ್ತಕ್ಕ ಇಳೀತು, ಈಗ ಏಳಕ್ಕೂ ಬಂದದ. "ಈಗ ಹಿಡಿಲಿಲ್ಲಂದ್ರ ಸಿಗೂದಿಲ್ಲ" ಅನ್ನೋ ಅಂಜಿಕಿ ಹುಡುಗೂರ ಕಾಲಾಗಿಂದ ಬಂದದ್ದಲ್ರಿ, ಈ ಲೆಕ್ಕದ ಪುಸ್ತಕದಾಗಿಂದ ಬಂದದ್ದು.

ಇದರ ಭಾರ ಹೊತ್ತವರು ಯಾರಂದ್ರ ತಾಯಂದಿರು. 1996ರ ಅಧ್ಯಕ್ಷ ಚುನಾವಣ್ಯಾಗ ಸಾಕರ್ ಮಾಮ್ ಅನ್ನೋ ಮಾತು ಎಲ್ಲಾ ಪೇಪರಿನ್ಯಾಗೂ ಬಂತು. ದೊಡ್ಡ ಗಾಡ್ಯಾಗ ಹುಡುಗೂರನ್ನ ತುಂಬಕೊಂಡು ಮೈದಾನದಿಂದ ಮೈದಾನಕ್ಕ ಓಡಾಡೋ ಬಡಾವಣಿ ಹೆಣ್ಮಗಳು, ಆಕೀ ವೋಟು ಯಾರಿಗೆ ಅಂತ ಎಲ್ಲಾರೂ ತಲಿ ಕೆಡಿಸಿಕೊಂಡಿದ್ರು. ಆಕೀ ಐತವಾರ ಎಲ್ಲಿ ಹೋತು ಅಂತ ಕೇಳಿದವರು ಕಡಿಮಿ. ಮೂರು ವರ್ಷದ ಮ್ಯಾಲೆ, 1999ರ ಜುಲೈ 10ಕ್ಕ, ಪ್ಯಾಸಡೀನಾದ ರೋಸ್ ಬೌಲ್ ಮೈದಾನದಾಗ ಹೆಣ್ಮಕ್ಕಳ ವಿಶ್ವಕಪ್ ಫೈನಲ್. ನೋಡಲಿಕ್ಕೆ 90,185 ಮಂದಿ. ಚೀನಾದ ವಿರುದ್ಧ ಪೆನಾಲ್ಟಿಯೊಳಗ ಅಮೇರಿಕಾ ಗೆದ್ದಿತು. ಹೆಣ್ಣು ಹುಡುಗ್ಯಾರನ್ನ ಮೈದಾನಕ್ಕ ಕರಕೊಂಡು ಹೋದ ತಾಯಂದಿರ ಓಡಾಟಕ್ಕೂ ಆ ಗೆಲುವಿನ್ಯಾಗ ಪಾಲದ ಅಂತ ನನಗನಸ್ತದ.

ಆಮ್ಯಾಲೆ ದೇಶದ ಸಂಸ್ಥಾನ ಕೆಲವು ತಿದ್ದುಪಡಿ ಮಾಡ್ತು. ಇವು ಸಣ್ಣ ಹುಡುಗೂರಿಗೆ ಸಂಬಂಧಪಟ್ಟವು, ಅದಕ್ಕ ಗಮನ ಕೊಟ್ಟು ಓದ್ರಿ. ತಲಿಗೆ ಪೆಟ್ಟು ಬೀಳೋದರ ಬಗ್ಗೆ ಪಾಲಕರು ಕೋರ್ಟಿಗೆ ಹೋದ ಮ್ಯಾಲೆ, 2015ರ ನವಂಬರಿನ್ಯಾಗ, ಹತ್ತು ವರ್ಷ ಮತ್ತ ಅದಕ್ಕಿಂತ ಸಣ್ಣವರು ತಲಿಯಿಂದ ಚೆಂಡು ಹೊಡೀಬಾರದು ಅಂತ ನಿಯಮ ಬಂತು. 2017ರಿಂದ ಮೈದಾನ, ತಂಡ ಎರಡೂ ಸಣ್ಣವಾದ್ವು. ಎಂಟು ವರ್ಷದ ಒಳಗಿನವರು ಒಂದ ಕಡೆ ನಾಲ್ಕೇ ಮಂದಿ, ಗೋಲ್‌ಕೀಪರ್ ಇಲ್ಲ. ಒಂಬತ್ತು-ಹತ್ತಕ್ಕ ಏಳು, ಹನ್ನೊಂದು-ಹನ್ನೆರಡಕ್ಕ ಒಂಬತ್ತು, ಆಮ್ಯಾಲೆ ಪೂರಾ ಹನ್ನೊಂದು. ಚೆಂಡೂ ಹಂಗ, ಸಣ್ಣವರಿಗೆ ಮೂರನೇ ನಂಬರು, ನಡುವಿನವರಿಗೆ ನಾಲ್ಕು, ದೊಡ್ಡವರಿಗೆ ಐದು. ನಾಲ್ಕ ಮಂದಿ ಇದ್ರ ಎಲ್ಲಾರ ಕಾಲಿಗೂ ಚೆಂಡು ಸಿಗ್ತದ. ಹನ್ನೊಂದ ಮಂದಿ ಇದ್ರ ಸಣ್ಣ ಕೂಸು ಹುಲ್ಲಿನ್ಯಾಗ ಹೂ ಕೀಳಕೋತ ನಿಂದರ್ತದ. 2018ರ ಫೆಬ್ರುವರ್ಯಾಗ ಇನ್ನೊಂದು ಕಾಯ್ದೆ ಬಂತು. ಮಕ್ಕಳ ಮ್ಯಾಲೆ ದೌರ್ಜನ್ಯ ಆಗೇದ ಅಂತ ಸಂಶಯ ಬಂದ್ರ ಈ ಆಟದ ಸಂಸ್ಥೆಗಳ ದೊಡ್ಡವರು ಕೂಡಲೇ ವರದಿ ಮಾಡಲಿಕ್ಕೇ ಬೇಕು. ಜಿಮ್ನಾಸ್ಟಿಕ್ಸಿನ್ಯಾಗ ಹುಡುಗ್ಯಾರಿಗೆ ಆದ ಅನ್ಯಾಯ ಹೊರಗ ಬಂದ ಮ್ಯಾಲೆ ಆದದ್ದು ಇದು.

ಹುಟ್ಟಿದ ತಾರೀಕಿನ ಮಾತೂ ಹೇಳಬೇಕು. ಹುಡುಗೂರನ್ನ ವಯಸ್ಸಿನ ಮ್ಯಾಲೆ ವಿಂಗಡಸ್ತಾರ. ಮೊದಲ ಆಗಸ್ಟ್ 1ರಿಂದ ಎಣಸ್ತಿದ್ರು, 2017ರ ಹೊತ್ತಿಗೆ ಜನವರಿ 1 ಮಾಡಿದ್ರು, 2026-27ರಿಂದ ಹೊಳ್ಳಿ ಆಗಸ್ಟ್ 1 ಮಾಡಲಿಕ್ಕೆ ದೊಡ್ಡ ಸಂಸ್ಥೆಗೋಳು ತೀರ್ಮಾನಿಸ್ಯಾವ. ಇದು ಬರೇ ಕಾಗದದ ಮಾತಲ್ಲ. ಆರು ವರ್ಷದ ಹುಡುಗೂರೊಳಗ ಹನ್ನೊಂದು ತಿಂಗಳ ಅಂತರ ಅಂದ್ರ ಎಷ್ಟಾತು ನೋಡ್ರಿ. ತಾರೀಕಿನ ಶುರುವಿಗೆ ಹುಟ್ಟಿದವ ಎತ್ತರ, ಗಟ್ಟಿ. ಟ್ರೈಔಟಿನ್ಯಾಗ ಅಂವನ್ನ ಆರಸ್ತಾರ, ಅಂವಗ ಛೊಲೊ ಕೋಚ್ ಸಿಗ್ತಾನ, ಅಂವ ಮತ್ತೂ ಛೊಲೊ ಆಗ್ತಾನ. ಕಡೀಕೆ ಹುಟ್ಟಿದವನಿಗೆ "ನಿನಗ ಆಟಾ ಬರೂದಿಲ್ಲ" ಅಂದ ಹಂಗಾಗ್ತದ. ಖರೆ ಹೇಳಬೇಕಂದ್ರ ಅಂವಗ ಬರೂದಿಲ್ಲ ಅಂತಲ್ಲ, ಅಂವ ಸಣ್ಣಂವ ಅಷ್ಟ.

ಈಗ ಆರಸೋ ಮಾತಿಗೆ ಬರೋಣ. ನಮ್ಮ ಮಗಳಿಗೆ ಆರು ವರ್ಷ. ಕ್ಲಬ್ಬಿನ ಜಾಹೀರಾತು, ಕಪಾಟಿನ್ಯಾಗಿನ ಟ್ರೋಫಿ ಎಲ್ಲಾ ಬದಿಗಿಟ್ಟು ನಾ ಕೇಳೋ ಪ್ರಶ್ನಿ ಇಷ್ಟ. ಪ್ರತಿ ಹುಡುಗಿ ಅರ್ಧಾ ಆಟರೆ ಆಡ್ತಾಳೇನು, ಬರವಣಿಗ್ಯಾಗ ಕೊಟ್ಟೀರೇನು? ಈ ವಯಸ್ಸಿಗೆ ಯಾರನ್ನರೆ ಕೈ ಬಿಡ್ತೀರೇನು? ಕಲಿಸೋರ ಹಿನ್ನೆಲಿ ತಪಾಸಣಿ ಆಗೇದೇನು, ಸೇಫ್‌ಸ್ಪೋರ್ಟ್ ತರಬೇತಿ ಮುಗಿಸ್ಯಾರೇನು, ಹುಡುಗೂರ ಜೋಡಿ ಒಬ್ಬ ದೊಡ್ಡವರನ್ನ ಒಬ್ಬರನ್ನೇ ಬಿಡೂದಿಲ್ಲಲ್ಲ? ಫೀಸಿನ ಹೊರಗ ಜರ್ಸಿ, ಟೂರ್ನಮೆಂಟ್, ಪ್ರವಾಸ ಎಲ್ಲಾ ಹಿಡದು ವರ್ಷಕ್ಕ ಎಷ್ಟು? ಮನಿಯಿಂದ ಮೈದಾನ ಎಷ್ಟು ದೂರ? ಇದಾದ ಮ್ಯಾಲೆ ಒಂದ ಸಂಜಿ ಹೋಗಿ ಬೇಲಿ ಬಾಜೂಕ ನಿಂತು ನೋಡ್ರಿ. ಛೊಲೊ ಆಡೋ ಹುಡುಗನ್ನ ನೋಡಬ್ಯಾಡ್ರಿ, ಎಲ್ಲಾರಕಿಂತ ಹಿಂದ ಉಳಿಯೋ ಕೂಸಿನ ಜೋಡಿ ಕೋಚ್ ಹೆಂಗ ಮಾತಾಡತಾರ ಅಂತ ನೋಡ್ರಿ. ನಮ್ಮ ಕೂಸೂ ಒಂದ ದಿನ ಆ ಜಾಗಾದಾಗ ಇರ್ತದ.

ನಮ್ಮ ಮಂದಿಗೆ ಒಂದ ಚಟಾ ಅದ. ಟ್ಯೂಷನ್ನು, ಎಂಟ್ರೆನ್ಸು ಅಂತ ಬೆಳದವರು ನಾವು. ಟ್ರೈಔಟ್ ಅಂದ ಕೂಡಲೇ ಸಿಇಟಿ ರ‍್ಯಾಂಕ್ ಕಂಡ ಹಂಗ ಓಡ್ತೇವಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರ, ಹೌದು. ಆದ್ರ ಅದ ಗಿಡದ ಬೇರು ಹಿಡೀಲಿಕ್ಕೆ ನಾಲ್ಕ ಮಳಿಗಾಲ ಬೇಕು ಅನ್ನೋದು ಹಿತ್ತಲದಾಗ ಕರಿಬೇವು ಹಚ್ಚಿದ ಎಲ್ಲಾರಿಗೂ ಗೊತ್ತು. ಟ್ರಾವೆಲ್ ಕ್ಲಬ್ ಕೆಟ್ಟದ್ದು ಅಂತ ನಾ ಹೇಳೂದಿಲ್ಲ. ಹನ್ನೊಂದು, ಹನ್ನೆರಡಕ್ಕ ಹುಡುಗಿನ ತಾನಾಗಿ "ಅವ್ವಾ, ನನಗಿನ್ನೂ ಆಡಬೇಕು" ಅಂದ್ರ ಅದು ಖರೇನ ಛೊಲೊ ದಾರಿ. ಆವಾಗ ರೊಕ್ಕ ಸಾಲದಿದ್ರ ಸಹಾಯಧನ ಅದಏನು ಅಂತ ನಾಚಿಕಿ ಬಿಟ್ಟು ಕೇಳ್ರಿ, ಭಾಳ ಕ್ಲಬ್ಬಿನ್ಯಾಗ ಇರ್ತದ.

ಆರು, ಏಳಕ್ಕ ಮಾತ್ರ 1964ರ ದಾರಿನ ಸಾಕು. ಈ ಸೀಜನ್ನಿಗೆ ನಾವು ಮನಿಗೆ ಹತ್ತು ನಿಮಿಷದ ದೂರದ ಓಣಿ ಲೀಗಿಗೆ ಹೆಸರು ಹಚ್ಚೇವಿ. ಕಲಿಸಲಿಕ್ಕೆ ಪಾಲಕರು ಕಡಿಮಿ ಬಿದ್ದಾರಂತ. ನಮ್ಮ ಓಣಿಯ ಹೆಣ್ಮಕ್ಕಳಾಗ ಯಾರಿಗರೆ ವಾರಕ್ಕ ಎರಡ ಸಂಜಿ ಬಿಡುವಿದ್ರ ನನಗ ಹೇಳ್ರಿ. ಆಟಾ ಬರಬೇಕಂತಿಲ್ಲ, ಬೂಟಿನ ಲಾಡಿ ಕಟ್ಟಲಿಕ್ಕೆ ಬಂದ್ರ ಅರ್ಧಾ ಕೆಲಸ ಆದ ಹಂಗ.