ವಿದೇಶಿ ವಿದ್ಯಾರ್ಥಿಗಳ ಪ್ರವೇಶದಲ್ಲಿ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ

ಇಂಗ್ಲಿಷ್ ಮಾಧ್ಯಮದ ವಿಶ್ವವಿದ್ಯಾಲಯಗಳು ಹೊರದೇಶದ ಅರ್ಜಿದಾರರಿಂದ ಭಾಷಾ ಪ್ರಾವೀಣ್ಯದ ಪುರಾವೆಯಾಗಿ ಪರೀಕ್ಷೆಯ ಫಲಿತಾಂಶ ಕೇಳುವುದು ಪದ್ಧತಿ. ಪಾಠ ಕೇಳಿ ಗ್ರಹಿಸಲು, ಪುಸ್ತಕ ಓದಲು, ಪ್ರಬಂಧ ಬರೆಯಲು, ಚರ್ಚೆಯಲ್ಲಿ ಮಾತನಾಡಲು ಬೇಕಾದಷ್ಟು ಇಂಗ್ಲಿಷ್ ವಿದ್ಯಾರ್ಥಿಗೆ ಬರುತ್ತದೆಯೇ ಎಂಬುದನ್ನಷ್ಟೇ ಈ ಪರೀಕ್ಷೆಗಳು ಅಳೆಯುತ್ತವೆ. ಬುದ್ಧಿಶಕ್ತಿಯನ್ನಾಗಲಿ ವಿಷಯಜ್ಞಾನವನ್ನಾಗಲಿ ಅಳೆಯುವುದಿಲ್ಲ.

ಇತಿಹಾಸ

ಕೇಂಬ್ರಿಜ್ 1913ರಲ್ಲಿ ನಡೆಸಿದ ಮೊದಲ ಪ್ರಾವೀಣ್ಯ ಪರೀಕ್ಷೆಗೆ ಕುಳಿತವರು ಮೂವರು ಮಾತ್ರ. ಅಮೆರಿಕದಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದಂತೆ 1964ರಲ್ಲಿ ಟೋಫೆಲ್ ಪರೀಕ್ಷೆ ಆರಂಭವಾಯಿತು. 2005ರಲ್ಲಿ ಅದರ ಅಂತರ್ಜಾಲ ಆವೃತ್ತಿ ಬಂದು, ಮಾತುಗಾರಿಕೆಯೂ ಕಡ್ಡಾಯ ಭಾಗವಾಯಿತು. ಬ್ರಿಟನ್ ಮತ್ತು ಆಸ್ಟ್ರೇಲಿಯದ ಸಂಸ್ಥೆಗಳ ಸಹಯೋಗದಲ್ಲಿ ಐಇಎಲ್‌ಟಿಎಸ್ 1989ರಲ್ಲೂ, ಪಿಯರ್ಸನ್ ಸಂಸ್ಥೆಯ ಪಿಟಿಇ ಅಕಾಡೆಮಿಕ್ 2009ರಲ್ಲೂ ಬಂದವು. ಮನೆಯಲ್ಲೇ ಕುಳಿತು ಬರೆಯಬಹುದಾದ ಡುಯೊಲಿಂಗೊ ಪರೀಕ್ಷೆ 2020ರ ಕೊರೋನಾ ಕಾಲದಲ್ಲಿ ವ್ಯಾಪಕ ಮನ್ನಣೆ ಪಡೆಯಿತು.

ಅಂಕ ಮತ್ತು ಕನಿಷ್ಠ ಮಿತಿ

ಐಇಎಲ್‌ಟಿಎಸ್‌ನಲ್ಲಿ ಆಲಿಸುವಿಕೆ, ಓದು, ಬರವಣಿಗೆ, ಮಾತು ಎಂಬ ನಾಲ್ಕು ಭಾಗಗಳಿಗೂ 9ರವರೆಗೆ ಬ್ಯಾಂಡ್ ಎಂಬ ಅಂಕ ನೀಡಿ, ಸರಾಸರಿಯನ್ನು ಹತ್ತಿರದ ಅರ್ಧ ಬ್ಯಾಂಡಿಗೆ ಹೊಂದಿಸುತ್ತಾರೆ. ಬರವಣಿಗೆಯಲ್ಲಿ 5.5, ಉಳಿದ ಮೂರರಲ್ಲಿ 6.5 ಪಡೆದವರ ಸರಾಸರಿ 6.25, ನಿಯಮದಂತೆ ಒಟ್ಟು ಬ್ಯಾಂಡ್ 6.5. ಒಟ್ಟು 6.5 ಇದ್ದು ಯಾವ ಭಾಗವೂ 6ಕ್ಕಿಂತ ಕಡಿಮೆಯಿರಬಾರದು ಎನ್ನುವ ವಿಶ್ವವಿದ್ಯಾಲಯದಲ್ಲಿ ಇವರಿಗೆ ನೇರ ಪ್ರವೇಶ ಸಿಗದು. ಒಟ್ಟು ಅಂಕ ಮುಚ್ಚಿಡುವ ಬರವಣಿಗೆಯ ಕೊರತೆಯನ್ನು ಭಾಗವಾರು ಮಿತಿ ಹೊರಗೆಡಹುತ್ತದೆ. ಕಾನೂನು, ಶುಶ್ರೂಷೆಯಂಥ ಕೋರ್ಸುಗಳು ಹೆಚ್ಚಿನ ಬ್ಯಾಂಡ್ ಕೇಳುವುದುಂಟು. ಮಿತಿಗಿಂತ ತುಸು ಕೆಳಗಿರುವವರಿಗೆ ಹಲವು ವಿಶ್ವವಿದ್ಯಾಲಯಗಳು ಪದವಿಗೆ ಮುನ್ನ ಭಾಷಾ ತರಗತಿ ಮುಗಿಸುವ ಷರತ್ತಿನ ಮೇಲೆ ಪ್ರವೇಶ ನೀಡುತ್ತವೆ. ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ವರ್ಷಗಳ ಮಾನ್ಯತೆ ಇರುತ್ತದೆ.

ಮಿತಿಗಳು

ಯಾವ ಅಂಕವೂ ಅಂದಾಜೇ. ಅದೇ ವ್ಯಕ್ತಿ ಮರುವಾರ ಪರೀಕ್ಷೆ ಬರೆದರೆ ಸ್ವಲ್ಪ ಹೆಚ್ಚುಕಡಿಮೆಯಾಗಬಹುದು. ಪರೀಕ್ಷೆಯ ಅಂಕಕ್ಕೂ ಮುಂದಿನ ಶೈಕ್ಷಣಿಕ ಸಾಧನೆಗೂ ಇರುವ ಸಂಬಂಧ ಸಾಧಾರಣ ಮಟ್ಟದ್ದೆಂದು ಅಧ್ಯಯನಗಳು ಕಂಡಿವೆ. ಮಿತಿ ದಾಟಿದವರಷ್ಟೇ ಒಳಬರುವುದೂ, ಸಾಧನೆಗೆ ಶ್ರಮ, ವಿಷಯದ ಬುನಾದಿ, ಹಣಕಾಸಿನ ನೆಮ್ಮದಿ ಸೇರಬೇಕಾಗಿರುವುದೂ ಇದಕ್ಕೆ ಕಾರಣ. ಆದ್ದರಿಂದಲೇ ಟೋಫೆಲ್ ನಡೆಸುವ ಇಟಿಎಸ್ ಸಂಸ್ಥೆಯೂ ಅಂಕವೊಂದನ್ನೇ ನೆಚ್ಚಿ ಪ್ರವೇಶ ನಿರ್ಧರಿಸಬಾರದೆಂದು ಸಲಹೆ ನೀಡುತ್ತದೆ. ಅರ್ಧ ಬ್ಯಾಂಡಿನ ಅಂತರದಿಂದ ಪ್ರತಿಭಾವಂತರನ್ನು ಹೊರಗಿಡುವುದು ಅನ್ಯಾಯ. ಭಾಷೆ ಸಾಲದವರನ್ನು ಶುಲ್ಕದ ಆಸೆಗೆ ಸೇರಿಸಿಕೊಂಡು ನೆರವಿಲ್ಲದೆ ಬಿಡುವುದೂ ಅಷ್ಟೇ ಅನ್ಯಾಯ.

ಭಾರತದ ಅರ್ಜಿದಾರರು

ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಭಾರತದ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕವನ್ನೇ ಪುರಾವೆಯಾಗಿ ಒಪ್ಪುತ್ತವೆ. ಯಾವ ಮಂಡಳಿಯ ಅಂಕ, ಶೇಕಡಾ ಎಷ್ಟು ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ನಿಗದಿಪಡಿಸುತ್ತದೆ. ಕರ್ನಾಟಕದ ದ್ವಿತೀಯ ಪಿಯುಸಿ ಮುಗಿಸಿದವರು ದುಬಾರಿ ಪರೀಕ್ಷಾ ಶುಲ್ಕ ಕಟ್ಟುವ ಮೊದಲು ಈ ವಿನಾಯಿತಿಯ ನಿಯಮವನ್ನೂ, ವೀಸಾಕ್ಕೆ ಪ್ರತ್ಯೇಕ ಷರತ್ತಿದೆಯೇ ಎಂಬುದನ್ನೂ ಪರಿಶೀಲಿಸುವುದು ಅಗತ್ಯ.