ನೀರು ಹಾಕಿದರೆ ಗಾಡಿ ಓಡುತ್ತದೆಯೇ? ಮನೆಯಲ್ಲೇ ಮಾಡುವ ಹೈಡ್ರೋಜನ್ ಸೆಲ್‌ನ ಅಸಲಿ ಲೆಕ್ಕ

ಒಂದು ಪ್ಲಾಸ್ಟಿಕ್ ಡಬ್ಬಿ, ನಾಲ್ಕಾರು ಸ್ಟೀಲ್ ಪ್ಲೇಟು, ನೀರು, ಗಾಡಿಯ ಬ್ಯಾಟರಿ. ವೈರ್ ಜೋಡಿಸಿದ ಕೂಡಲೇ ಡಬ್ಬಿಯೊಳಗೆ ಗುಳುಗುಳು ಗುಳ್ಳೆ. ಪೈಪಿನ ತುದಿಗೆ ಬೆಂಕಿ ತೋರಿಸಿದರೆ 'ಪಟ್' ಎಂಬ ಸದ್ದು. "ಇನ್ನು ಪೆಟ್ರೋಲ್ ಬೇಡ, ಕಂಪನಿಗಳು ಇದನ್ನು ಮುಚ್ಚಿಟ್ಟಿವೆ, ಎಲ್ಲರಿಗೂ ಕಳುಹಿಸಿ" ಎಂಬ ಸಾಲಿನೊಂದಿಗೆ ಇಂಥ ವಿಡಿಯೋ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ನಿಜವಾದ ಭಾಗ

ಗುಳ್ಳೆಗಳು ನಿಜ. ನೀರಿಗೆ ವಿದ್ಯುತ್ ಹರಿಸಿದರೆ ಅದು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಇದು ಹೈಸ್ಕೂಲ್ ಪಠ್ಯದಲ್ಲಿರುವ ವಿದ್ಯುದ್ವಿಭಜನೆ. ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಮ್ಲಜನಕ ಸಿಗುತ್ತದೆ. ಹೈಡ್ರೋಜನ್ ಉರಿಯುತ್ತದೆ ಎಂಬುದೂ ನಿಜ. ಉರಿದಾಗ ಅದು ಮತ್ತೆ ನೀರಾಗುತ್ತದೆ.

ತಪ್ಪು ಎಲ್ಲಿದೆ?

ನೀರು ಇಂಧನವಲ್ಲ. ಹೈಡ್ರೋಜನ್ ಉರಿದು ಮುಗಿದ ಮೇಲೆ ಉಳಿಯುವ ವಸ್ತು ಅದು, ಒಂದು ರೀತಿಯಲ್ಲಿ ಹೈಡ್ರೋಜನ್‌ನ 'ಬೂದಿ'. ಬೂದಿಯನ್ನು ಮತ್ತೆ ಸೌದೆ ಮಾಡಬೇಕೆಂದರೆ, ಆ ಸೌದೆ ಉರಿದಾಗ ಕೊಟ್ಟಷ್ಟು ಶಕ್ತಿಯನ್ನಾದರೂ ನಾವು ಮೊದಲು ಸುರಿಯಬೇಕು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಬೇಕು, ಏಕೆಂದರೆ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ.

ಲೆಕ್ಕ ಹಾಕಿ ನೋಡೋಣ. ಕಾರಿನ 12 ವೋಲ್ಟ್ ಬ್ಯಾಟರಿಗೆ ಆರು ಸೆಲ್‌ಗಳನ್ನು ಸಾಲಾಗಿ ಜೋಡಿಸಿ 10 ಆಂಪಿಯರ್ ಹರಿಸಿದರೆ, ಒಂದು ಗಂಟೆಗೆ ಸುಮಾರು 25 ಲೀಟರ್ ಹೈಡ್ರೋಜನ್ ಅನಿಲ ಬರುತ್ತದೆ. ವಿಡಿಯೋದಲ್ಲಿ ಗುಳ್ಳೆ ಅಷ್ಟೊಂದು ಕಾಣುವುದು ಇದರಿಂದಲೇ. ಆದರೆ ಹೈಡ್ರೋಜನ್ ಎಲ್ಲ ಅನಿಲಗಳಿಗಿಂತ ಹಗುರ. ಆ 25 ಲೀಟರಿನ ತೂಕ ಸುಮಾರು ಎರಡು ಗ್ರಾಂ ಮಾತ್ರ. ಅದರಲ್ಲಿರುವ ಶಕ್ತಿ 8 ಮಿಲಿಲೀಟರ್ ಪೆಟ್ರೋಲಿಗೆ ಸಮ, ಅಂದರೆ ಎರಡು ಟೀ ಚಮಚಕ್ಕೂ ಕಡಿಮೆ. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗುವ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಅಷ್ಟೇ ಹೊತ್ತಿನಲ್ಲಿ 3 ಲೀಟರ್ ಪೆಟ್ರೋಲ್ ಕುಡಿಯುತ್ತದೆ.

ಆ ಕರೆಂಟ್ ಎಲ್ಲಿಂದ ಬಂತು? ಬ್ಯಾಟರಿಯನ್ನು ಚಾರ್ಜ್ ಮಾಡುವುದು ಆಲ್ಟರ್ನೇಟರ್, ಅದನ್ನು ತಿರುಗಿಸುವುದು ಎಂಜಿನ್, ಎಂಜಿನ್ ಕುಡಿಯುವುದು ಪೆಟ್ರೋಲ್. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಬಳಸಿಕೊಳ್ಳುತ್ತದೆ. ಆಲ್ಟರ್ನೇಟರ್‌ನಲ್ಲೂ ಒಂದಿಷ್ಟು ನಷ್ಟವಾಗುತ್ತದೆ. ಹೀಗೆ 8 ಮಿಲಿಲೀಟರ್ ಪೆಟ್ರೋಲಿನಷ್ಟು ಹೈಡ್ರೋಜನ್ ಪಡೆಯಲು ಅಂದಾಜು 90 ಮಿಲಿಲೀಟರ್ ಪೆಟ್ರೋಲ್ ಸುಡಬೇಕು!

ಮತ್ತೆ ಕೆಲವರು ಮೈಲೇಜ್ ಹೆಚ್ಚಿತು ಎನ್ನುವುದೇಕೆ?

ಕಿಟ್ ಹಾಕಿಸಿದವರು ಮೈಲೇಜ್ ನೋಡಲೆಂದೇ ನಿಧಾನವಾಗಿ ಓಡಿಸುತ್ತಾರೆ. ಅದೇ ಹೊತ್ತಿಗೆ ಸರ್ವೀಸ್ ಮಾಡಿಸಿ, ಟೈರಿಗೆ ಗಾಳಿ ತುಂಬಿಸಿರುತ್ತಾರೆ. ಇಷ್ಟರಿಂದಲೇ ಮೈಲೇಜ್ ಸುಧಾರಿಸಬಹುದು. ಹೆಸರು ಮಾತ್ರ ಡಬ್ಬಿಗೆ ಬರುತ್ತದೆ.

ಹಳೆಯ ಕಥೆ, ಹೊಸ ಫಾರ್ವರ್ಡ್

ಅಮೆರಿಕದ ಸ್ಟ್ಯಾನ್ಲಿ ಮೇಯರ್ ನೀರಿನಿಂದ ಓಡುವ ಗಾಡಿ ಮಾಡಿದ್ದೇನೆ ಎಂದು ಹಣ ಪಡೆದಿದ್ದ. ತಜ್ಞರು ಪರೀಕ್ಷಿಸಿದಾಗ ಅವನ ಸೆಲ್‌ನಲ್ಲಿ ಸಾಮಾನ್ಯ ವಿದ್ಯುದ್ವಿಭಜನೆ ಬಿಟ್ಟು ಬೇರೇನೂ ಇರಲಿಲ್ಲ. 1996ರಲ್ಲಿ ಒಹಾಯೊದ ನ್ಯಾಯಾಲಯ ಇದನ್ನು ವಂಚನೆ ಎಂದು ತೀರ್ಮಾನಿಸಿ, ಇಬ್ಬರು ಹೂಡಿಕೆದಾರರಿಗೆ 25,000 ಡಾಲರ್ ಹಿಂತಿರುಗಿಸಲು ಆದೇಶಿಸಿತು. ಅದೇ 1996ರಲ್ಲಿ ನಮ್ಮ ನೆರೆಯ ತಮಿಳುನಾಡಿನ ರಾಮರ್ ಪಿಳ್ಳೈ, ಮೂಲಿಕೆ ಮತ್ತು ನೀರಿನಿಂದ ಪೆಟ್ರೋಲ್ ತಯಾರಿಸುವುದಾಗಿ ಹೇಳಿ ದೇಶದ ಗಮನ ಸೆಳೆದಿದ್ದ. 2016ರಲ್ಲಿ ಚೆನ್ನೈ ನ್ಯಾಯಾಲಯ ಅವನಿಗೆ ಮೂರು ವರ್ಷ ಶಿಕ್ಷೆ ವಿಧಿಸಿತು.

ಅಪಾಯ ಏನು?

ಹಣ ಹೋದರೆ ಮತ್ತೆ ಗಳಿಸಬಹುದು. ಕಣ್ಣು, ಕೈ ಹೋದರೆ?

• ಗಾಳಿಯಲ್ಲಿ ಹೈಡ್ರೋಜನ್ ಶೇ 4ರಿಂದ 75ರವರೆಗೆ ಎಷ್ಟೇ ಬೆರೆತಿದ್ದರೂ ಹೊತ್ತಿಕೊಳ್ಳಬಲ್ಲದು. ಸ್ವಿಚ್ಚಿನ ಸಣ್ಣ ಕಿಡಿ ಸಾಕು.
• ಈ ಡಬ್ಬಿಗಳಲ್ಲಿ ಹೈಡ್ರೋಜನ್, ಆಮ್ಲಜನಕ ಎರಡೂ ಒಂದೇ ಕಡೆ ಸೇರುತ್ತವೆ. ಅದು ಸಿಡಿಯಲು ಸಿದ್ಧವಾಗಿರುವ ಮಿಶ್ರಣ. ಪೈಪಿನ ತುದಿಯ ಬೆಂಕಿ ಹಿಂದಕ್ಕೆ ನುಗ್ಗಿದರೆ ಡಬ್ಬಿಯೇ ಒಡೆಯುತ್ತದೆ.
• ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಹೈಡ್ರೋಜನ್‌ಗೆ ವಾಸನೆಯಿಲ್ಲ, ಸೋರಿದರೆ ತಿಳಿಯುವುದಿಲ್ಲ. ಅದರ ಜ್ವಾಲೆಯೂ ಹಗಲಿನಲ್ಲಿ ಕಾಣುವುದು ಕಷ್ಟ.
• ನೀರಿಗೆ ಅಡುಗೆ ಉಪ್ಪು ಹಾಕಿದರೆ ವಿಷಕಾರಿ ಕ್ಲೋರಿನ್ ಬರುತ್ತದೆ. ಕಾಸ್ಟಿಕ್ ಸೋಡಾ ಹಾಕಿದರೆ ಅದು ಚರ್ಮ, ಕಣ್ಣನ್ನು ಸುಡುತ್ತದೆ. ಸ್ಟೀಲ್ ಪ್ಲೇಟು ಸವೆದು ನೀರು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ವಿಷಕಾರಿ ಕ್ರೋಮಿಯಂ ಸೇರಿರಬಹುದು. ಅದನ್ನು ಚರಂಡಿಗೆ ಚೆಲ್ಲುವಂತಿಲ್ಲ.

ಹಾಗಾದರೆ ಹೈಡ್ರೋಜನ್ ಕಾರು ಸುಳ್ಳೇ?

ಅಲ್ಲ. ಟೊಯೊಟಾದ ಮಿರಾಯ್‌ನಂಥ ಕಾರುಗಳು ನಿಜಕ್ಕೂ ಹೈಡ್ರೋಜನ್‌ನಿಂದ ಓಡುತ್ತವೆ. ಆದರೆ ಆ ಹೈಡ್ರೋಜನ್ ಬೇರೆಡೆ ತಯಾರಾಗಿ, ಗಟ್ಟಿಮುಟ್ಟಾದ ಟ್ಯಾಂಕಿನಲ್ಲಿ ತುಂಬಿ ಬರುತ್ತದೆ. ಭಾರತ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನಲ್ಲೂ ನೀರನ್ನು ಒಡೆಯುವ ಶಕ್ತಿ ಸೌರ, ಪವನ ವಿದ್ಯುತ್ತಿನಂಥ ಮೂಲಗಳಿಂದ ಬರಬೇಕು. ಶಕ್ತಿ ಹೊರಗಿನಿಂದ ಬರುತ್ತದೆ, ನೀರಿನಿಂದಲ್ಲ.

ಮಕ್ಕಳಿಗೆ ಪ್ರಯೋಗ ತೋರಿಸಬೇಕೆ? ತೆರೆದ ಗಾಜಿನ ಲೋಟದ ನೀರಿಗೆ ಚಿಟಿಕೆ ಅಡುಗೆ ಸೋಡಾ, ಎರಡು ಪೆನ್ಸಿಲ್ ಕಡ್ಡಿ, ಒಂದು 9 ವೋಲ್ಟ್ ಬ್ಯಾಟರಿ ಸಾಕು. ಕಿಟಕಿ ತೆರೆದಿರಲಿ, ದೊಡ್ಡವರು ಜೊತೆಗಿರಲಿ. ಋಣ ತುದಿಯಲ್ಲಿ ಹೆಚ್ಚು ಗುಳ್ಳೆ ಕಾಣುತ್ತವೆ. ಅನಿಲವನ್ನು ಬಾಟಲಿಯಲ್ಲಾಗಲೀ ಬಲೂನಿನಲ್ಲಾಗಲೀ ಹಿಡಿದಿಡಬೇಡಿ, ಬೆಂಕಿ ತೋರಿಸಬೇಡಿ.

ಒಟ್ಟಿನಲ್ಲಿ: ನೀರಿನಿಂದ ಹೈಡ್ರೋಜನ್ ಬರುವುದು ನಿಜ. ಅದರಿಂದ ಪುಕ್ಕಟೆಯಾಗಿ ಗಾಡಿ ಓಡುವುದು ಸುಳ್ಳು. ಮುಂದಿನ ಬಾರಿ ಈ ವಿಡಿಯೋ ಬಂದಾಗ, ಕಳುಹಿಸಿದವರನ್ನು "ಬ್ಯಾಟರಿಗೆ ಚಾರ್ಜ್ ಎಲ್ಲಿಂದ ಬಂತು?" ಎಂದು ಕೇಳಿ ನೋಡಿ.