ಕೈಗೆ ಬಂದ ಗೇರು, ಕೈಗೆಟುಕದ ಬ್ರೇಕು

ಮನೆ ಮುಂದೆ ನಿಲ್ಲಿಸಿರುವ ಸೈಕಲ್ ಹತ್ತಿರ ಒಮ್ಮೆ ಹೋಗಿ. ಹ್ಯಾಂಡಲ್ ಹಿಡಿದು, ಬೆರಳು ಚಾಚಿ ಬ್ರೇಕ್ ಮುಟ್ಟಿ ನೋಡಿ. ಬೆರಳು ಗೆಣ್ಣಿನವರೆಗೆ ಲಿವರನ್ನು ಸುತ್ತಿಕೊಂಡರೆ ಆ ಸೈಕಲ್ ನಿಮ್ಮ ಕೈಗೆ ಸರಿ. ಬರೀ ಬೆರಳ ತುದಿ ತಾಗಿದರೆ, ಬೇರೆ ಯಾರದೋ ಕೈ ನೋಡಿ ಆ ಬ್ರೇಕ್ ಮಾಡಿದ್ದಾರೆ ಎಂದರ್ಥ. ಈಗ ಅದೇ ಸೈಕಲ್ಲನ್ನು ಎಂಟನೇ ಕ್ಲಾಸಿನ ಹುಡುಗಿಯ ಕೈಗೆ ಕೊಟ್ಟು ನೋಡಿ.

ಇಳಿಜಾರಿನಲ್ಲಿ, ಎದುರಿಗೆ ಎಮ್ಮೆ ಅಡ್ಡ ಬಂದಾಗ, ಈ ಎರಡು ಬೆರಳಿನ ಲೆಕ್ಕವೇ ಸೈಕಲ್ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಹಾಗಿದ್ದರೂ ಬ್ರೇಕ್ ಮಾಡುವವರು ಸಣ್ಣ ಕೈಗಳ ಬಗ್ಗೆ ಯೋಚನೆ ಮಾಡಲು ಬಹಳ ವರ್ಷ ತೆಗೆದುಕೊಂಡರು. ಅದು ಎದ್ದು ಕಾಣುವುದು ರೇಸ್ ಸೈಕಲ್ಲಿನಲ್ಲಿ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ ಇರುತ್ತದಲ್ಲ, ಅದೇ ಸೈಕಲ್. ಅದರ ಕತೆಯನ್ನು ಇವತ್ತು ಹೇಳುತ್ತೇವೆ.

ಗೇರ್ ಹಾಕಲು ಇಳಿಯಬೇಕಿತ್ತು

ಫ್ರಾನ್ಸ್ ದೇಶದ ದೊಡ್ಡ ರೇಸ್ ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾಯಿತು. ಆಗ ಸವಾರರಿಗೆ ಇವತ್ತಿನಂಥ ಗೇರ್ ಇರಲಿಲ್ಲ. ಹಿಂದಿನ ಚಕ್ರದ ಎರಡೂ ಕಡೆ ಒಂದೊಂದು ಹಲ್ಲಿನ ಗಾಲಿ ಇರುತ್ತಿತ್ತು. ಬೆಟ್ಟ ಬಂದರೆ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಮತ್ತೆ ಹೊರಡಬೇಕು. ಚೈನನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ಬೇರೆ ಸವಾರರ ಬಳಿ ಇದ್ದರೂ, ಆ ರೇಸಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ.

ಇಟಲಿಯ ಸವಾರ ತುಲಿಯೊ ಕಂಪನ್ಯೋಲೊ ಬಗ್ಗೆ ಒಂದು ಪ್ರಸಿದ್ಧ ಕತೆಯಿದೆ. 1927ರಲ್ಲಿ ಹಿಮ ಬಿದ್ದ ಘಟ್ಟದಲ್ಲಿ ಚಕ್ರ ಬಿಚ್ಚಲು ಹೋದ. ಚಳಿಗೆ ಬೆರಳು ಮರಗಟ್ಟಿ ನಟ್ ತಿರುಗಲಿಲ್ಲ. ಅಲ್ಲಿಂದಲೇ ಒಂದೇ ಲಿವರ್ ಎತ್ತಿ ಚಕ್ರ ಬಿಚ್ಚುವ ಉಪಾಯ ಅವನಿಗೆ ಹೊಳೆಯಿತಂತೆ. ಕತೆ ಎಷ್ಟು ನಿಜವೋ, ಅವನು 1933ರಲ್ಲಿ ಕಟ್ಟಿದ ಕಂಪನಿ ಮಾತ್ರ ನಿಜ. ಇವತ್ತಿಗೂ ರೇಸ್ ಸೈಕಲ್ಲಿನ ದೊಡ್ಡ ಹೆಸರುಗಳಲ್ಲಿ ಅದೂ ಒಂದು.

1950ರ ಸುಮಾರಿಗೆ ಗೇರ್ ಬದಲಿಸುವ ಎರಡು ಪುಟ್ಟ ಲಿವರುಗಳು ಸೈಕಲ್ಲಿನ ಓರೆ ಪೈಪಿನ ಮೇಲೆ, ಮೊಣಕಾಲಿನ ಹತ್ತಿರ ಬಂದು ಕೂತವು. ಮುಂದಿನ ನಲವತ್ತು ವರ್ಷ ರೇಸ್ ಸೈಕಲ್ ಅಂದರೆ ಅದೇ. ಬ್ರೇಕ್ ಬೇಕಾದರೆ ಕೈ ಮೇಲೆ, ಗೇರ್ ಬೇಕಾದರೆ ಒಂದು ಕೈ ಬಿಟ್ಟು ಕೆಳಗೆ.

ಇದರಲ್ಲಿ ಸಣ್ಣ ಕೈಯವರಿಗೆ ಒಂದು ಅನುಕೂಲವೂ ಇತ್ತು. ಗೇರ್ ಲಿವರ್ ಎಂಥ ಕೈಗೂ ಎಟುಕುತ್ತಿತ್ತು. ಬ್ರೇಕ್ ಲಿವರ್ ಕೂರುವ ಗುಪ್ಪೆಯೊಳಗೆ ತಂತಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ, ಹಾಗಾಗಿ ಅದೂ ಸಣ್ಣದಾಗಿತ್ತು. ರಬ್ಬರ್ ಹೊದಿಸಿದ ಆ ಗುಪ್ಪೆಯನ್ನೇ ಹುಡ್ ಅನ್ನುವುದು. ಸವಾರರು ಹೆಚ್ಚು ಹೊತ್ತು ಕೈ ಊರುವುದು ಅದರ ಮೇಲೆ.

ಕಷ್ಟ ಇದ್ದದ್ದು ಬ್ರೇಕ್ ಲಿವರಿನಲ್ಲಿ. ಹ್ಯಾಂಡಲಿನಿಂದ ಅದು ದೂರ.

ಹಾರೆಯ ಲೆಕ್ಕ

ಕಲ್ಲು ಎಬ್ಬಿಸುವಾಗ ಹಾರೆಯ ತುದಿ ಹಿಡಿದರೆ ಸುಲಭ, ಮಧ್ಯೆ ಹಿಡಿದರೆ ಕಷ್ಟ. ಬ್ರೇಕ್ ಲಿವರಿನದೂ ಅದೇ ಲೆಕ್ಕ. ಹುಡ್ ಮೇಲೆ ಕೈಯಿಟ್ಟಾಗ ಬೆರಳು ಬೀಳುವುದು ಲಿವರ್ ತಿರುಗುವ ಮೊಳೆಯ ಹತ್ತಿರ. ಸಣ್ಣ ಕೈಯಾದರೆ ಇನ್ನೂ ಹತ್ತಿರ. ಒತ್ತಲು ಹೆಚ್ಚು ಬಲ ಬೇಕು, ಬಲ ಕೊಡಲು ಇರುವುದು ಬರೀ ಬೆರಳ ತುದಿ. ಕೊಂಬಿನ ಕೆಳಭಾಗ ಹಿಡಿದರೆ ಲಿವರಿನ ತುದಿ ಸಿಗುತ್ತದೆ, ಬಲ ಕಡಿಮೆ ಸಾಕು. ಆದರೆ ಅಲ್ಲಿ ಲಿವರ್ ಇನ್ನೂ ದೂರ.

ದೊಡ್ಡವರಲ್ಲೂ ಹೆಂಗಸರ ಕೈ ಗಂಡಸರ ಕೈಗಿಂತ ಸರಾಸರಿ ಒಂದು ಸೆಂಟಿಮೀಟರಿಗೂ ಹೆಚ್ಚು ಗಿಡ್ಡ. ಬೆರಳ ತುದಿ ಲಿವರನ್ನು ಹಿಡಿಯುತ್ತದೋ ಜಾರುತ್ತದೋ ಎಂಬುದಕ್ಕೆ ಅಷ್ಟು ಸಾಕು.

1970ರ ದಶಕದಲ್ಲಿ ಅಮೆರಿಕ ಸರ್ಕಾರ ಸೈಕಲ್ ಸುರಕ್ಷತೆಗೆ ನಿಯಮ ತಂದಿತು. ಮೊಳೆಯಿಂದ ಲಿವರಿನ ಮಧ್ಯದವರೆಗೆ, ಹ್ಯಾಂಡಲಿಗೂ ಲಿವರಿಗೂ ನಡುವಿನ ಹಿಡಿತದ ಅಳತೆ 89 ಮಿಲಿಮೀಟರ್ ದಾಟಬಾರದು ಎಂದಿತು. ಪುಟ್ಟ ಮಕ್ಕಳ ಸೈಕಲ್ಲಿಗೆ 76 ಮಿಲಿಮೀಟರ್. ಅಂದರೆ ಕೈ ಬೇರೆಯಾದರೆ ಅಳತೆಯೂ ಬೇರೆಯಾಗಬೇಕು ಎಂದು ಕಾನೂನಿಗೆ ಆಗಲೇ ಗೊತ್ತಿತ್ತು. ಮಕ್ಕಳ ಸೈಕಲ್ ದಾಟಿದ ಮೇಲೆ ಮಾತ್ರ ಎಲ್ಲರೂ ಒಂದೇ ಕೈಯವರಾದರು.

1984: ಹೆಂಗಸರು ರೇಸಿಗೆ ಬಂದರು

ಒಲಿಂಪಿಕ್ಸಿನಲ್ಲಿ ಗಂಡಸರ ಸೈಕಲ್ ರೇಸ್ 1896ರಿಂದಲೇ ಇದೆ. ಹೆಂಗಸರ ರಸ್ತೆ ರೇಸ್ ಮೊದಲು ನಡೆದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಗೆದ್ದವರು ಅಮೆರಿಕದ ಕೋನಿ ಕಾರ್ಪೆಂಟರ್. ಅದೇ ವರ್ಷ ಹೆಂಗಸರಿಗೂ ಟೂರ್ ಡಿ ಫ್ರಾನ್ಸ್ ನಡೆಯಿತು. ಅದನ್ನು ಗೆದ್ದ ಮೇರಿಯಾನ್ ಮಾರ್ಟಿನ್ ಕೂಡ ಅಮೆರಿಕದವರೇ.

ಮರುವರ್ಷ, 1985ರಲ್ಲಿ, ಜಾರ್ಜೀನಾ ಟೆರಿ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ನ್ಯೂಯಾರ್ಕ್ ರಾಜ್ಯದಲ್ಲಿ ಹೆಂಗಸರಿಗಾಗಿಯೇ ಸೈಕಲ್ ಕಂಪನಿ ತೆರೆದರು. ಮುಂದಿನ ಚಕ್ರವನ್ನೇ ಚಿಕ್ಕದು ಮಾಡಿ, ಕುಳ್ಳಗಿರುವವರ ಕೈ ಹ್ಯಾಂಡಲಿಗೆ ಎಟುಕುವಂತೆ ಚೌಕಟ್ಟು ಕಟ್ಟಿದರು. ಸವಾರರನ್ನು ಸೈಕಲ್ಲಿಗೆ ಒಗ್ಗಿಸುವ ಬದಲು ಸೈಕಲ್ಲನ್ನೇ ಸವಾರರಿಗೆ ಒಗ್ಗಿಸಿದರು. ಇಷ್ಟು ಸರಳ ಮಾತಿಗೆ ಒಂದು ಹೊಸ ಕಂಪನಿಯೇ ಬೇಕಾಯಿತು.

ಮೂಗಿಗಿಂತ ಮೂಗುತಿ ಭಾರ

1990ರಲ್ಲಿ ಜಪಾನಿನ ಶಿಮಾನೊ ಕಂಪನಿ ಗೇರನ್ನೂ ಬ್ರೇಕನ್ನೂ ಒಂದೇ ಲಿವರಿಗೆ ತಂದಿತು. ಎರಡು ವರ್ಷದ ನಂತರ ಕಂಪನ್ಯೋಲೊ ತನ್ನದೇ ರೀತಿಯದನ್ನು ತಂದಿತು. ಗೇರ್ ಬದಲಿಸಲು ಇನ್ನು ಹ್ಯಾಂಡಲ್ ಬಿಡಬೇಕಾಗಿಲ್ಲ. ರೇಸಿನ ರೀತಿಯೇ ಬದಲಾಯಿತು. ಸುರಕ್ಷತೆಯೂ ಹೆಚ್ಚಿತು, ಅದನ್ನು ಒಪ್ಪಲೇಬೇಕು.

ಆದರೆ ಗೇರಿನ ಹಲ್ಲು, ಸ್ಪ್ರಿಂಗು, ಕೊಕ್ಕೆ ಎಲ್ಲ ಹೋಗಿ ಕೂತದ್ದು ಹುಡ್ ಒಳಗೆ. ಸವಾರರ ಕೈ ಎಷ್ಟು ದೊಡ್ಡದು ಎಂಬುದಕ್ಕಿಂತ, ಒಳಗೆ ತುಂಬಬೇಕಾದ ಸಾಮಾನು ಎಷ್ಟು ಎಂಬುದೇ ಹುಡ್‌ನ ಗಾತ್ರವನ್ನು ನಿರ್ಧರಿಸತೊಡಗಿತು. ಮೂಗಿಗಿಂತ ಮೂಗುತಿ ಭಾರ ಆಯಿತು. ಶಿಮಾನೊದಲ್ಲಿ ಗೇರ್ ಬದಲಿಸಲು ಬ್ರೇಕ್ ಲಿವರನ್ನೇ ಒಳಗಡೆಗೆ ತಳ್ಳಬೇಕು. ಕಂಪನ್ಯೋಲೊದಲ್ಲಿ ಹುಡ್ ಒಳಬದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಬೇಕು. ಕೊಂಬಿನ ಕೆಳಭಾಗ ಹಿಡಿದಿರುವ ಸಣ್ಣ ಕೈಯವರು ಹಿಡಿತ ಸಡಿಲಿಸದೆ ಇದನ್ನು ಮಾಡುವುದು ಕಷ್ಟ. ಮೊದಲು ಬ್ರೇಕ್ ಮಾತ್ರ ದೂರ ಇತ್ತು, ಈಗ ಗೇರೂ ದೂರವಾಯಿತು.

ಸರಿಪಡಿಸುವ ಕೆಲಸ ನಿಧಾನವಾಗಿ ನಡೆಯಿತು. 2000ರ ದಶಕದಲ್ಲಿ ಶಿಮಾನೊ ಆರ್700 ಎಂಬ ಲಿವರ್ ತಂದಿತು. ಒಳಗೆ ಒಂದು ಸಣ್ಣ ಬೆಣೆ ಸಿಕ್ಕಿಸಿದರೆ ಲಿವರ್ ಹ್ಯಾಂಡಲಿಗೆ ಹತ್ತಿರವಾಗುತ್ತದೆ. 2006ರಲ್ಲಿ ಬಂದ ಸ್ರ್ಯಾಮ್ ಕಂಪನಿಯ ಡಬಲ್‌ಟ್ಯಾಪ್‌ನಲ್ಲಿ ಗೇರಿನ ಪಟ್ಟಿಯನ್ನು ಹ್ಯಾಂಡಲಿನವರೆಗೆ ಎಳೆದುಕೊಂಡು ಒತ್ತಬಹುದು. ನಂತರ ಬೆಣೆಯ ಜಾಗಕ್ಕೆ ಸ್ಕ್ರೂ ಬಂತು, ತಿರುಗಿಸಿದಷ್ಟು ಲಿವರ್ ಹತ್ತಿರ.

ಅಷ್ಟರಲ್ಲಿ ಎಣ್ಣೆಯ ಡಿಸ್ಕ್ ಬ್ರೇಕ್ ಬಂದು ಕತೆ ಮತ್ತೆ ಮೊದಲಿನಿಂದ ಶುರುವಾಯಿತು. ಎಣ್ಣೆ ತುಂಬುವ ಸಿಲಿಂಡರೂ ಹುಡ್ ಒಳಗೇ ಬಂತು, ಹುಡ್ ಮತ್ತೆ ಊದಿಕೊಂಡಿತು. ಈ ಸಲ ಮಾತ್ರ ಕಾಯುವುದು ಅಷ್ಟು ದೀರ್ಘವಾಗಲಿಲ್ಲ. 2018ರಲ್ಲಿ ಶಿಮಾನೊ ತನ್ನ 105 ಸಾಲಿನಲ್ಲಿ ಸಣ್ಣ ಕೈಯವರಿಗೆಂದೇ ಆರ್7025 ಎಂಬ ಡಿಸ್ಕ್ ಲಿವರ್ ತಂದಿತು. 2009ರಿಂದ ಮಾರುಕಟ್ಟೆಯಲ್ಲಿರುವ ವಿದ್ಯುತ್ ಗೇರುಗಳಲ್ಲಿ ತಂತಿ ಎಳೆಯುವ ಶ್ರಮವೇ ಇಲ್ಲ, ಗುಂಡಿ ಒತ್ತಿದರೆ ಸಾಕು. ಬೆಲೆ ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ.

ನಮಗೇಕೆ ಈ ಕತೆ?

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೈಕಲ್ ರೇಸ್ ಆ ಜಿಲ್ಲೆಗಳ ಹೆಮ್ಮೆ, ಅಲ್ಲಿಂದ ಹುಡುಗಿಯರೂ ರೇಸಿಗೆ ಹೋಗುತ್ತಾರೆ. ಉಳಿದ ಕಡೆಯವರಿಗೆ 2006-07ರಲ್ಲಿ ಶುರುವಾದ ಸರ್ಕಾರಿ ಸೈಕಲ್ ನೆನಪಿರಬೇಕು. ಎಂಟನೇ ಕ್ಲಾಸಿನ ಎಷ್ಟೋ ಹುಡುಗಿಯರು ಮೊದಲ ಸಲ ತಮ್ಮದೇ ಸೈಕಲ್ ಹತ್ತಿ ಶಾಲೆಗೆ ಹೋದರು. ಅದು ದೊಡ್ಡ ಕೆಲಸ. ಆದರೆ ಆ ಸೈಕಲ್ ಯಾರ ಕೈಯನ್ನೂ ಅಳೆದು ಕೊಟ್ಟದ್ದಲ್ಲ. ಹದಿಮೂರು ವರ್ಷದ ಮಗು ಬ್ರೇಕ್ ಹಿಡಿಯದೆ ಕಾಲು ಊರಿ ಸೈಕಲ್ ನಿಲ್ಲಿಸಿದರೆ ನಾವು "ಇನ್ನೂ ಕಲಿತಿಲ್ಲ" ಅನ್ನುತ್ತೇವೆ. ಕೈಗೆ ಎಟುಕುತ್ತದಾ ಎಂದು ಕೇಳುವುದಿಲ್ಲ.

ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ:

- ಇವತ್ತಿನ ಬಹಳಷ್ಟು ಬ್ರೇಕ್ ಲಿವರುಗಳಲ್ಲಿ, ಸಾದಾ ಸೈಕಲ್ಲಿನಲ್ಲೂ, ಬುಡದ ಹತ್ತಿರ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಲಿವರ್ ಹತ್ತಿರ ಬರುತ್ತದೆ. ರೇಸ್ ಸೈಕಲ್ಲಿನಲ್ಲಿ ಅದು ಹುಡ್ ರಬ್ಬರಿನ ಅಡಿಯಲ್ಲಿ ಅಡಗಿರಬಹುದು.
- ಹತ್ತಿರ ತಂದ ಮೇಲೆ ಬ್ರೇಕ್ ಜೋರಾಗಿ ಒತ್ತಿ ನೋಡಿ. ಲಿವರ್ ಹ್ಯಾಂಡಲಿಗೆ ತಾಗಬಾರದು. ತಾಗಿದರೆ ತಂತಿ ಬಿಗಿ ಮಾಡಿಸಿ. ಇದನ್ನು ಮಾಡದೆ ರಸ್ತೆಗೆ ಇಳಿಯಬೇಡಿ.
- ತುಕ್ಕು ಹಿಡಿದ ತಂತಿ ಬದಲಿಸಿ. ಎಷ್ಟೋ ಸಲ ಕಡಿಮೆ ಇರುವುದು ಕೈಯ ಬಲವಲ್ಲ, ತಂತಿಯೇ ಸಿಕ್ಕಿಹಾಕಿಕೊಂಡಿರುತ್ತದೆ.
- ರೇಸ್ ಸೈಕಲ್ಲಾದರೆ ಹುಡ್ ಕೂತಿರುವ ಜಾಗವನ್ನು ಮೇಲೆ ಕೆಳಗೆ ಸರಿಸಿ ನೋಡಿ. ಆಗಲಿಲ್ಲವೆಂದರೆ ಚಾಚು ಕಡಿಮೆಯಿರುವ ಹ್ಯಾಂಡಲ್ ಹಾಕಿಸಿ. ಲಿವರ್ ಬದಲಿಸುವುದು ಕೊನೆಯ ಮಾತು, ಖರ್ಚು ಜಾಸ್ತಿ ಅದಕ್ಕೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಖರ್ಚಿನ ವಿಷಯಕ್ಕೆ. ಬ್ರೇಕಿನ ವಿಷಯಕ್ಕೆ ಆ ಮಾತು ಹೊಂದುವುದಿಲ್ಲ. ಇಲ್ಲಿ ಕೈ ಇದ್ದಷ್ಟಕ್ಕೆ ಲಿವರ್ ಬರಬೇಕು. ಮುಂದಿನ ಸಲ ಮಗಳಿಗೆ ಸೈಕಲ್ ಕೊಳ್ಳಲು ಹೋದಾಗ ಎಷ್ಟು ಗೇರ್, ಯಾವ ಬಣ್ಣ ಎಂದು ಕೇಳುವ ಮೊದಲು ಅವಳನ್ನು ಸೀಟಿನ ಮೇಲೆ ಕೂರಿಸಿ, ಬ್ರೇಕ್ ಹಿಡಿಯಲು ಹೇಳಿ.